ಉಪಗ್ರಹದ ಅಂಕಿಯಿಂದ ಪರಿಸರದ ಅಳತೆಗೆ: ಆರಂಭಿಸುವವರಿಗೊಂದು ಕೈಪಿಡಿ

ಭೂಮಿಯ ಕಾಡು, ನೀರು, ಹಿಮ, ಗಾಳಿಗಳ ಸ್ಥಿತಿಯನ್ನು ಉಪಗ್ರಹಗಳಿಂದ ಅಳೆಯುವ ಕೆಲಸ ಒಂದು ಕಾಲದಲ್ಲಿ ಸರ್ಕಾರಗಳಿಗೆ ಮತ್ತು ದೊಡ್ಡ ಪ್ರಯೋಗಾಲಯಗಳಿಗೆ ಮಾತ್ರ ಸಾಧ್ಯವಿತ್ತು. 1972ರ ಜುಲೈನಲ್ಲಿ ಕಕ್ಷೆ ಸೇರಿದ ಅಮೆರಿಕದ ಮೊದಲ ಲ್ಯಾಂಡ್‌ಸ್ಯಾಟ್ ಉಪಗ್ರಹದಿಂದ ಹಿಡಿದು ಸಂಗ್ರಹವಾದ ಚಿತ್ರಗಳನ್ನು 2008ರಲ್ಲಿ ಎಲ್ಲರಿಗೂ ಉಚಿತವಾಗಿ ತೆರೆದಿಡಲಾಯಿತು. ಯುರೋಪಿನ ಕೋಪರ್ನಿಕಸ್ ಯೋಜನೆಯೂ ತನ್ನ ಸೆಂಟಿನೆಲ್ ಉಪಗ್ರಹಗಳ ದತ್ತಾಂಶವನ್ನು ಮುಕ್ತವಾಗಿಯೇ ಹಂಚುತ್ತಿದೆ. ಆದ್ದರಿಂದ ಇಂದು ಸಾಧಾರಣ ಕಂಪ್ಯೂಟರ್ ಮತ್ತು ಅಂತರ್ಜಾಲ ಸಂಪರ್ಕ ಇರುವ ಶಿಕ್ಷಕರು, ಪತ್ರಕರ್ತರು, ವಿದ್ಯಾರ್ಥಿಗಳು ಯಾರು ಬೇಕಾದರೂ ಈ ಕೆಲಸಕ್ಕೆ ಕೈಹಾಕಬಹುದು. ಚಿತ್ರ ಸಿಗುವುದು ಈಗ ಕಷ್ಟವಲ್ಲ. ಆ ಚಿತ್ರದಿಂದ ಯಾವ ಮಾತನ್ನು ಹೇಳಬಹುದು, ಯಾವುದನ್ನು ಹೇಳಬಾರದು ಎಂದು ತೀರ್ಮಾನಿಸುವುದೇ ಕಷ್ಟ.

ಉಪಗ್ರಹಕ್ಕೆ ಕಾಡು ಗೊತ್ತಿಲ್ಲ, ಬರಗಾಲ ಗೊತ್ತಿಲ್ಲ. ಅದರ ಸಂವೇದಕಕ್ಕೆ ತಲುಪುವುದು ನೆಲದಿಂದ ಮರಳಿದ ಬೆಳಕು, ನೆಲವೇ ಹೊರಸೂಸಿದ ಶಾಖ, ಇಲ್ಲವೇ ತಾನೇ ಕಳುಹಿಸಿದ ರೇಡಿಯೊ ಅಲೆಯ ಮಾರ್ದನಿ. ಆ ಅಂಕಿಯಿಂದ ‘ಈ ಸರೋವರ ಹತ್ತು ವರ್ಷಗಳಲ್ಲಿ ಇಷ್ಟು ಕುಗ್ಗಿದೆ’ ಎಂಬ ವಾಕ್ಯಕ್ಕೆ ಬರುವ ದಾರಿಯಲ್ಲಿ ಹಲವು ಮೆಟ್ಟಿಲುಗಳಿವೆ, ಮತ್ತು ಪ್ರತಿ ಮೆಟ್ಟಿಲಿನಲ್ಲೂ ಜಾರಲು ಅವಕಾಶವಿದೆ. ಈ ಕೈಪಿಡಿ ಆ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಿಸುವ ಪ್ರಯತ್ನ. ನೀರಿನ ಹರವನ್ನು ಅಳೆಯುವ ಕೆಲಸವನ್ನು ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡು, ಉಳಿದ ಅಳತೆಗಳನ್ನು ಅದರ ಜೊತೆಯಲ್ಲಿ ವಿವರಿಸುತ್ತೇನೆ.

ಪ್ರಶ್ನೆಯನ್ನು ಮೊದಲು ಬರೆದುಕೊಳ್ಳಿ

‘ಕಾಡು ಕಡಿಮೆಯಾಗುತ್ತಿದೆಯೇ?’ ಎಂಬುದು ಆತಂಕವನ್ನು ಹೇಳುತ್ತದೆಯೇ ಹೊರತು ಅಳೆಯಬಹುದಾದ ಪ್ರಶ್ನೆಯಾಗುವುದಿಲ್ಲ. ಯಾವ ಗಡಿಯೊಳಗೆ, ಯಾವ ವರ್ಷದಿಂದ ಯಾವ ವರ್ಷಕ್ಕೆ, ವರ್ಷದ ಯಾವ ತಿಂಗಳಲ್ಲಿ, ಕನಿಷ್ಠ ಎಷ್ಟು ವಿಸ್ತೀರ್ಣದ ಬದಲಾವಣೆಯನ್ನು ಗುರುತಿಸಬೇಕು ಎಂಬುದನ್ನು ಚಿತ್ರ ಹುಡುಕುವ ಮೊದಲೇ ಕಾಗದದ ಮೇಲೆ ಬರೆದುಕೊಳ್ಳಬೇಕು. ಚಿತ್ರಗಳನ್ನು ನೋಡಿದ ಮೇಲೆ ಪ್ರಶ್ನೆ ರೂಪಿಸಲು ಹೊರಟರೆ, ಕಣ್ಣಿಗೆ ಎದ್ದುಕಾಣುವ ಬದಲಾವಣೆಯನ್ನೇ ಉತ್ತರವೆಂದು ಒಪ್ಪಿಕೊಳ್ಳುವ ಒತ್ತಡ ನಮಗರಿವಿಲ್ಲದೆಯೇ ಹುಟ್ಟಿಕೊಳ್ಳುತ್ತದೆ.

ವ್ಯಾಖ್ಯೆಯೂ ಅಷ್ಟೇ ಮುಖ್ಯ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಪ್ರಕಾರ ಕಾಡು ಎನಿಸಿಕೊಳ್ಳಲು ಕನಿಷ್ಠ 0.5 ಹೆಕ್ಟೇರ್ ವಿಸ್ತಾರ, 5 ಮೀಟರ್‌ಗಿಂತ ಎತ್ತರದ ಮರಗಳು ಮತ್ತು ಶೇಕಡಾ 10ಕ್ಕಿಂತ ಹೆಚ್ಚು ಕೊಂಬೆಗಳ ಹೊದಿಕೆ ಇರಬೇಕು. ಅದೇ ವ್ಯಾಖ್ಯೆ ರಬ್ಬರ್ ತೋಟವನ್ನು ಕಾಡಿನ ಲೆಕ್ಕಕ್ಕೆ ಸೇರಿಸುತ್ತದೆ, ಎಣ್ಣೆತಾಳೆಯ ತೋಟವನ್ನು ಸೇರಿಸುವುದಿಲ್ಲ. ಒಂದೇ ಗುಡ್ಡದ ಬಗ್ಗೆ ಇಬ್ಬರು ಪ್ರಾಮಾಣಿಕರು ಎರಡು ಬೇರೆ ಅಂಕಿಗಳನ್ನು ಕೊಡಲು ಇಷ್ಟು ಸಾಕು. ನಿಮ್ಮ ವ್ಯಾಖ್ಯೆ ಯಾವುದು ಎಂದು ಮೊದಲ ಸಾಲಿನಲ್ಲೇ ಹೇಳಿಬಿಡಿ.

ಪ್ರಶ್ನೆಗೆ ತಕ್ಕ ಉಪಗ್ರಹ

ಉಪಗ್ರಹವನ್ನು ಆರಿಸುವಾಗ ಮೂರು ಸಂಗತಿಗಳನ್ನು ಒಟ್ಟಿಗೆ ತೂಗಬೇಕಾಗುತ್ತದೆ: ಎಷ್ಟು ಚಿಕ್ಕ ವಸ್ತು ಕಾಣುತ್ತದೆ, ಎಷ್ಟು ದಿನಕ್ಕೊಮ್ಮೆ ಕಾಣುತ್ತದೆ, ಎಷ್ಟು ವರ್ಷಗಳ ದಾಖಲೆ ಇದೆ. ಮೂರೂ ಒಂದೇ ಉಪಗ್ರಹದಲ್ಲಿ ಸಿಗುವುದಿಲ್ಲ. ಲ್ಯಾಂಡ್‌ಸ್ಯಾಟ್ 8 ಮತ್ತು 9 ಒಂದೊಂದೂ 16 ದಿನಗಳಿಗೊಮ್ಮೆ ಅದೇ ಸ್ಥಳದ ಮೇಲೆ ಹಾದುಹೋಗುತ್ತವೆ, ಎರಡೂ ಸೇರಿ 8 ದಿನಗಳಿಗೊಮ್ಮೆ. ಅವುಗಳ ಪಿಕ್ಸೆಲ್, ಅಂದರೆ ಚಿತ್ರದ ಅತಿ ಚಿಕ್ಕ ಚೌಕ, ನೆಲದ ಮೇಲೆ ಬದಿಗೆ 30 ಮೀಟರ್. ಸೆಂಟಿನೆಲ್-2ರ ಜೋಡಿ ಸುಮಾರು 5 ದಿನಗಳಿಗೊಮ್ಮೆ ನೋಡುತ್ತದೆ. ಅದರ 13 ಬ್ಯಾಂಡ್‌ಗಳಲ್ಲಿ, ಅಂದರೆ ಬೇರೆ ಬೇರೆ ಬಣ್ಣದ ಬೆಳಕನ್ನು ಅಳೆಯುವ ಪಟ್ಟಿಗಳಲ್ಲಿ, ನಾಲ್ಕು 10 ಮೀಟರ್‌ನವು, ಉಳಿದವು 20 ಅಥವಾ 60 ಮೀಟರ್‌ನವು, ಆದರೆ ದಾಖಲೆ 2015ರಿಂದ ಈಚಿನದು. 1999ರ ಕೊನೆಯಲ್ಲಿ ಹಾರಿದ ಟೆರಾ ಮತ್ತು 2002ರಲ್ಲಿ ಹಾರಿದ ಅಕ್ವಾ ಉಪಗ್ರಹಗಳ ಮೋಡಿಸ್ ಸಂವೇದಕ ಇಡೀ ಭೂಮಿಯನ್ನು ಹೆಚ್ಚುಕಡಿಮೆ ಪ್ರತಿದಿನ ನೋಡುತ್ತ ಬಂದಿದೆ, ಆದರೆ ಅದರ ಅತಿ ಸೂಕ್ಷ್ಮ ಪಿಕ್ಸೆಲ್ ಕೂಡ 250 ಮೀಟರ್. ಭೂಮಧ್ಯರೇಖೆಯ ಮೇಲೆ ಸುಮಾರು 35,786 ಕಿ.ಮೀ. ಎತ್ತರದಲ್ಲಿ ನಿಂತಂತೆ ಕಾಣುವ ಭೂಸ್ಥಿರ ಉಪಗ್ರಹಗಳು ಕೆಲವೇ ನಿಮಿಷಗಳಿಗೊಮ್ಮೆ ಚಿತ್ರ ಕಳುಹಿಸುತ್ತವೆ; ಚಂಡಮಾರುತ, ದೂಳು, ಮೋಡಗಳ ಚಲನೆಗೆ ಅವೇ ಆಧಾರ, ಕೆರೆಯ ಅಂಚನ್ನು ಗುರುತಿಸಲು ಅವು ಬರುವುದಿಲ್ಲ.

ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ನಿಮ್ಮ ನೀರಿನ ಹರವು 2 ಹೆಕ್ಟೇರ್, ಅಂದರೆ 20,000 ಚದರ ಮೀಟರ್ ಎಂದಿಟ್ಟುಕೊಳ್ಳೋಣ. ಸೆಂಟಿನೆಲ್-2ರ 10 ಮೀಟರ್ ಪಿಕ್ಸೆಲ್ 100 ಚದರ ಮೀಟರ್. 200 ಪಿಕ್ಸೆಲ್‌ಗಳು ಸಿಗುತ್ತವೆ. ಲ್ಯಾಂಡ್‌ಸ್ಯಾಟ್‌ನಲ್ಲಿ ಒಂದು ಪಿಕ್ಸೆಲ್ 900 ಚದರ ಮೀಟರ್. ಸುಮಾರು 22 ಸಿಗುತ್ತವೆ, ಅವುಗಳಲ್ಲಿ ಬಹುಪಾಲು ದಡವನ್ನೂ ನೀರನ್ನೂ ಒಟ್ಟಿಗೆ ಹಿಡಿದಿರುತ್ತವೆ. ಮೋಡಿಸ್‌ನ ಒಂದೇ ಪಿಕ್ಸೆಲ್ 6.25 ಹೆಕ್ಟೇರ್, ಅಂದರೆ ಇಡೀ ಕೆರೆಗಿಂತ ಮೂರು ಪಟ್ಟು ದೊಡ್ಡದು. ನಾನು ಪಾಲಿಸುವ ನಿಯಮವೆಂದರೆ, ಅಳೆಯಬೇಕಾದ ವಸ್ತುವಿನೊಳಗೆ ಅಂಚಿಗೆ ತಾಗದ ಪಿಕ್ಸೆಲ್‌ಗಳೇ ಕೆಲವು ಹತ್ತಾದರೂ ಇಲ್ಲದಿದ್ದರೆ ಆ ಉಪಗ್ರಹವನ್ನು ಬಳಸದಿರುವುದು.

ವರ್ಷದಲ್ಲಿ ಹಲವು ತಿಂಗಳು ಮೋಡ ಕವಿಯುವ ಪ್ರದೇಶವಾದರೆ ರಾಡಾರ್ ಬೇಕೇ ಬೇಕು. 2014ರಲ್ಲಿ ಆರಂಭವಾದ ಸೆಂಟಿನೆಲ್-1 ಸರಣಿ ಸುಮಾರು 5.6 ಸೆಂ.ಮೀ. ಉದ್ದದ ಅಲೆಯನ್ನು ಬಳಸುತ್ತದೆ. ಅದಕ್ಕೆ ಮೋಡವೂ ಅಡ್ಡಿಯಲ್ಲ, ರಾತ್ರಿಯೂ ಅಡ್ಡಿಯಲ್ಲ. 2025ರ ಜುಲೈ 30ರಂದು ಉಡಾವಣೆಯಾದ ನಿಸಾರ್, ಅಂದರೆ ನಾಸಾ ಮತ್ತು ಇಸ್ರೋ ಜಂಟಿಯಾಗಿ ರೂಪಿಸಿದ ಉಪಗ್ರಹ, ಸುಮಾರು 24 ಸೆಂ.ಮೀ. ಉದ್ದದ ಎಲ್ ಬ್ಯಾಂಡ್ ಅಲೆಯನ್ನೂ ಅದಕ್ಕಿಂತ ಗಿಡ್ಡದಾದ ಎಸ್ ಬ್ಯಾಂಡ್ ಅಲೆಯನ್ನೂ ಹೊತ್ತಿದೆ. ಉದ್ದದ ಅಲೆ ಎಲೆಗಳ ಹೊದಿಕೆಯನ್ನು ದಾಟಿ ಕಾಂಡ, ಕೊಂಬೆ, ನೆಲದವರೆಗೂ ಇಳಿಯಬಲ್ಲದಾದ್ದರಿಂದ ಮರಗಳ ಕೆಳಗೆ ನಿಂತ ನೆರೆನೀರನ್ನು ಗುರುತಿಸಲು, ಕಾಡಿನ ಮರಗಿಡಗಳ ಒಟ್ಟು ತೂಕವನ್ನು ಅಂದಾಜು ಮಾಡಲು ಅದು ಹೆಚ್ಚು ಸಮರ್ಥ.

ಕಡತ ತೆರೆದ ಮೇಲೆ ಕಾಣುವ ಸಂಖ್ಯೆ

ಸೆಂಟಿನೆಲ್ ಚಿತ್ರಗಳಿಗೆ ಕೋಪರ್ನಿಕಸ್ ಬ್ರೌಸರ್, ಲ್ಯಾಂಡ್‌ಸ್ಯಾಟ್‌ಗೆ ಅರ್ಥ್ ಎಕ್ಸ್‌ಪ್ಲೋರರ್, ದಿನದಿನದ ಜಾಗತಿಕ ನೋಟಕ್ಕೆ ನಾಸಾದ ವರ್ಲ್ಡ್‌ವ್ಯೂ, ಇಸ್ರೋ ಉಪಗ್ರಹಗಳಿಗೆ ಭೂನಿಧಿ: ಆರಂಭಕ್ಕೆ ಈ ತಾಣಗಳು ಸಾಕು. ಇಳಿಸಿಕೊಂಡ ಕಡತವನ್ನು ತೆರೆಯಲು ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶ ಇದೆ. ನೂರಾರು ಚಿತ್ರಗಳನ್ನು ಇಳಿಸಿಕೊಳ್ಳದೆಯೇ ಸಂಸ್ಕರಿಸಬೇಕಾದರೆ ಗೂಗಲ್ ಅರ್ಥ್ ಎಂಜಿನ್ ಇದೆ.

ಚಿತ್ರಗಳು ಹಲವು ಹಂತಗಳಲ್ಲಿ ಸಿಗುತ್ತವೆ. ಮೊದಲ ಹಂತದ ಕಡತದಲ್ಲಿ ವಾತಾವರಣದ ದೂಳು, ತೇವಾಂಶಗಳ ಪ್ರಭಾವವೂ ಸೇರಿರುತ್ತದೆ. ಎರಡನೇ ಹಂತದ ಕಡತದಲ್ಲಿ ಅದನ್ನು ಲೆಕ್ಕಹಾಕಿ ಕಳೆದು ನೆಲದ ಪ್ರತಿಫಲನವನ್ನು, ಅಂದರೆ ಬಿದ್ದ ಬೆಳಕಿನಲ್ಲಿ ನೆಲ ಮರಳಿಸಿದ ಪಾಲನ್ನು, ಕೊಟ್ಟಿರುತ್ತಾರೆ. ಬೇರೆ ಬೇರೆ ದಿನಗಳನ್ನು ಹೋಲಿಸುವ ಕೆಲಸಕ್ಕೆ ಎರಡನೇ ಹಂತದ ಕಡತವನ್ನೇ ಆರಿಸಿ, ಮತ್ತು ಒಂದು ಸರಣಿಯಲ್ಲಿ ಎರಡು ಹಂತಗಳನ್ನು ಎಂದೂ ಬೆರೆಸಬೇಡಿ.

ಕಡತದೊಳಗಿನ ಸಂಖ್ಯೆ ನೇರವಾಗಿ ಪ್ರತಿಫಲನವಲ್ಲ. ಜಾಗ ಉಳಿಸಲು ಅದನ್ನು ಪೂರ್ಣಾಂಕವಾಗಿಸಿ ಇಟ್ಟಿರುತ್ತಾರೆ. ಲ್ಯಾಂಡ್‌ಸ್ಯಾಟ್‌ನ ಎರಡನೇ ಸಂಗ್ರಹ (ಕಲೆಕ್ಷನ್ 2) ಎಂಬ ದತ್ತಾಂಶ ಆವೃತ್ತಿಯಲ್ಲಿ ಆ ಸಂಖ್ಯೆಯನ್ನು 0.0000275ರಿಂದ ಗುಣಿಸಿ 0.2 ಕಳೆದರೆ ಪ್ರತಿಫಲನ ಸಿಗುತ್ತದೆ. ಸೆಂಟಿನೆಲ್-2ರಲ್ಲಿ 10,000ದಿಂದ ಭಾಗಿಸಿದರೆ ಸಾಕಾಗುತ್ತಿತ್ತು. 2022ರ ಜನವರಿ 25ರಿಂದ ಬಳಕೆಗೆ ಬಂದ 04.00 ಸಂಸ್ಕರಣಾ ಆವೃತ್ತಿಯಲ್ಲಿ ಎಲ್ಲ ಸಂಖ್ಯೆಗಳಿಗೂ 1,000 ಸೇರಿಸಿರುವುದರಿಂದ, ಭಾಗಿಸುವ ಮೊದಲು ಅದನ್ನು ಕಳೆಯಬೇಕು. ಇದು ಎಷ್ಟು ದೊಡ್ಡ ವ್ಯತ್ಯಾಸ ಮಾಡುತ್ತದೆ ಎಂಬುದಕ್ಕೆ ಒಂದು ದಟ್ಟ ಹಸಿರಿನ ಪಿಕ್ಸೆಲ್ ನೋಡೋಣ. ಅದರ ಕೆಂಪು ಬ್ಯಾಂಡ್‌ನಲ್ಲಿ 1,500, ಸಮೀಪ ಅವಗೆಂಪು (ಕೆಂಪಿನ ಆಚೆಗಿನ, ಕಣ್ಣಿಗೆ ಕಾಣದ ಬೆಳಕು) ಬ್ಯಾಂಡ್‌ನಲ್ಲಿ 5,500 ಇದೆ. ಕಳೆಯುವುದನ್ನು ಮರೆತರೆ ಹಸಿರಿನ ಸೂಚ್ಯಂಕ (ಈ ಎರಡರ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿದ್ದು) 4,000 ಭಾಗಿಸು 7,000, ಅಂದರೆ 0.57 ಬರುತ್ತದೆ. ಸರಿಯಾಗಿ ಕಳೆದರೆ 500 ಮತ್ತು 4,500. ಸೂಚ್ಯಂಕ 4,000 ಭಾಗಿಸು 5,000, ಅಂದರೆ 0.80. ಒಂದು ಎಲೆಯೂ ಉದುರದೆ, ಆ ಕಾಡು 2022ರ ಆರಂಭದಲ್ಲಿ ಇದ್ದಕ್ಕಿದ್ದಂತೆ ಒಣಗಿದಂತೆ ಕಾಣುತ್ತದೆ. ಹಳೆಯ ಚಿತ್ರಗಳನ್ನೂ ಹೊಸ ಆವೃತ್ತಿಯಲ್ಲಿ ಮರುಸಂಸ್ಕರಿಸಲಾಗುತ್ತಿರುವುದರಿಂದ ಚಿತ್ರದ ದಿನಾಂಕವನ್ನು ನಂಬದೆ ಕಡತದ ವಿವರಪಟ್ಟಿಯಲ್ಲಿರುವ ಆವೃತ್ತಿ ಸಂಖ್ಯೆಯನ್ನು ಓದಬೇಕು. ಕೆಲವು ವೇದಿಕೆಗಳು ಈ ಹೊಂದಾಣಿಕೆಯನ್ನು ತಾವೇ ಮಾಡಿ ಕೊಡುತ್ತವೆ. ಅಲ್ಲಿ ಮತ್ತೆ 1,000 ಕಳೆದರೆ ತಪ್ಪು ಎದುರು ದಿಕ್ಕಿಗೆ ವಾಲುತ್ತದೆ.

ಬ್ಯಾಂಡ್‌ಗಳ ಕ್ರಮಸಂಖ್ಯೆಯ ಬಗ್ಗೆಯೂ ಎಚ್ಚರ ಬೇಕು. ಸಮೀಪ ಅವಗೆಂಪು ಲ್ಯಾಂಡ್‌ಸ್ಯಾಟ್ 5 ಮತ್ತು 7ರಲ್ಲಿ 4ನೇ ಬ್ಯಾಂಡ್, 8 ಮತ್ತು 9ರಲ್ಲಿ 5ನೇ ಬ್ಯಾಂಡ್, ಸೆಂಟಿನೆಲ್-2ರಲ್ಲಿ 8ನೇ ಬ್ಯಾಂಡ್. ಒಂದರ ಸೂತ್ರವನ್ನು ಇನ್ನೊಂದಕ್ಕೆ ಹಾಗೆಯೇ ಅಂಟಿಸಿದರೆ ತಂತ್ರಾಂಶ ಯಾವ ದೋಷವನ್ನೂ ತೋರಿಸದೆ ತಪ್ಪು ನಕ್ಷೆಯನ್ನು ಬಿಡಿಸಿ ಕೊಡುತ್ತದೆ.

ಮೋಡ, ನೆರಳು, ಮತ್ತು ಗುಣಮಟ್ಟದ ಗುರುತು

ಪ್ರತಿ ಚಿತ್ರದ ಜೊತೆಗೂ ಗುಣಮಟ್ಟದ ಒಂದು ಪದರ ಬರುತ್ತದೆ. ಸೆಂಟಿನೆಲ್-2ರ ವರ್ಗೀಕರಣ ಪದರದಲ್ಲಿ 3 ಎಂದರೆ ಮೋಡದ ನೆರಳು, 8 ಮತ್ತು 9 ಎಂದರೆ ಮಧ್ಯಮ ಮತ್ತು ಹೆಚ್ಚಿನ ಸಾಧ್ಯತೆಯ ಮೋಡ, 10 ಎಂದರೆ ಎತ್ತರದ ತೆಳುಮೋಡ. ಈ ಪಿಕ್ಸೆಲ್‌ಗಳನ್ನು ಲೆಕ್ಕದಿಂದ ಹೊರಗಿಡಬೇಕು. ಇಡೀ ಚಿತ್ರದಲ್ಲಿ ಶೇಕಡಾ 5 ಮಾತ್ರ ಮೋಡ ಎಂದು ತಾಣ ಹೇಳಿದರೂ ಆ ಶೇಕಡಾ 5 ನಿಮ್ಮ ಕೆರೆಯ ಮೇಲೆಯೇ ಇರಬಹುದು. ಹಾಗೆಯೇ ಶೇಕಡಾ 70 ಮೋಡವಿರುವ ಚಿತ್ರದಲ್ಲಿ ನಿಮಗೆ ಬೇಕಾದ ಜಾಗ ಪೂರ್ತಿ ತೆರೆದಿರಬಹುದು. ಆದ್ದರಿಂದ ಶೇಕಡಾವಾರು ನೋಡಿ ಚಿತ್ರವನ್ನು ಬಿಡಬೇಡಿ, ನಿಮ್ಮ ಗಡಿಯೊಳಗಿನ ಮೋಡವನ್ನು ಪ್ರತ್ಯೇಕವಾಗಿ ಎಣಿಸಿ. ಮೋಡದ ನೆರಳು, ಬೆಟ್ಟದ ನೆರಳು ಮತ್ತು ಆಳವಾದ ನೀರು ಮೂರೂ ಕಪ್ಪಾಗಿ ಕಾಣುವುದರಿಂದ ಯಂತ್ರದ ಗುರುತು ತಪ್ಪುವುದು ಸಾಮಾನ್ಯ. ಕೊನೆಯಲ್ಲಿ ಪ್ರತಿ ಚಿತ್ರವನ್ನೂ ಒಮ್ಮೆ ಕಣ್ಣಾರೆ ನೋಡಲೇಬೇಕು.

ಹೊರಗಿಟ್ಟದ್ದನ್ನು ಅಳಿಸಿಹಾಕಬೇಡಿ. 1985ರಲ್ಲಿ ಬ್ರಿಟಿಷ್ ಅಂಟಾರ್ಕ್‌ಟಿಕ್ ಸರ್ವೆಯ ವಿಜ್ಞಾನಿಗಳು ನೆಲದ ಉಪಕರಣದ ಅಳತೆಗಳಿಂದ ಓಜೋನ್ ಪದರದ ತೀವ್ರ ಕುಸಿತವನ್ನು ಪ್ರಕಟಿಸಿದಾಗ, 1978ರಲ್ಲಿ ಹಾರಿದ್ದ ನಿಂಬಸ್-7 ಉಪಗ್ರಹವೂ ಅದೇ ಕುಸಿತವನ್ನು ಅಳೆದಿತ್ತು. ಆದರೆ ಅಷ್ಟು ಕಡಿಮೆ ಮೌಲ್ಯಗಳಿಗೆ ಸಂಸ್ಕರಣಾ ತಂತ್ರಾಂಶ ‘ಸಂಶಯಾಸ್ಪದ’ ಎಂಬ ಗುರುತು ಹಾಕುತ್ತಿತ್ತು. ಮೂಲ ದತ್ತಾಂಶ ಉಳಿದಿದ್ದುದರಿಂದಲೇ ಅಂಟಾರ್ಕ್‌ಟಿಕದ ಮೇಲೆ ಆ ತೆಳುವಾದ ಭಾಗ ಎಷ್ಟು ವಿಸ್ತಾರವಾಗಿ ಹರಡಿದೆ ಎಂಬುದನ್ನು ನಕ್ಷೆಯಾಗಿ ತೋರಿಸಲು ಸಾಧ್ಯವಾಯಿತು. ನಿರೀಕ್ಷೆಗೆ ಹೊಂದದ ಅಂಕಿಯನ್ನು ಬದಿಗಿಟ್ಟು, ಕಾರಣ ತಿಳಿಯುವವರೆಗೆ ಕಾಪಾಡಿಕೊಳ್ಳುವುದು ಈ ಕೆಲಸದ ಬಹು ಮುಖ್ಯ ಶಿಸ್ತು ಎಂದು ನನ್ನ ದೃಢವಾದ ನಂಬಿಕೆ.

ನೀರಿನ ಹರವನ್ನು ಅಳೆಯುವುದು

ನೀರು ಹಸಿರು ಬೆಳಕನ್ನು ತಕ್ಕಮಟ್ಟಿಗೆ ಮರಳಿಸುತ್ತದೆ, ಅವಗೆಂಪು ಕಿರಣವನ್ನು ಬಹುತೇಕ ಹೀರಿಕೊಳ್ಳುತ್ತದೆ. ಈ ಗುಣದ ಮೇಲೆ ನಿಂತಿರುವ ಸೂಚ್ಯಂಕ ಹೀಗಿದೆ: ಹಸಿರು ಬ್ಯಾಂಡ್‌ನಿಂದ ಹ್ರಸ್ವತರಂಗ ಅವಗೆಂಪು (ಸಮೀಪ ಅವಗೆಂಪಿಗಿಂತ ಉದ್ದದ ಅಲೆ) ಬ್ಯಾಂಡ್ ಕಳೆದು, ಬಂದದ್ದನ್ನು ಎರಡರ ಮೊತ್ತದಿಂದ ಭಾಗಿಸಬೇಕು. ಸೆಂಟಿನೆಲ್-2ರಲ್ಲಿ ಇವು 3 ಮತ್ತು 11ನೇ ಬ್ಯಾಂಡ್‌ಗಳು, ಲ್ಯಾಂಡ್‌ಸ್ಯಾಟ್ 8 ಮತ್ತು 9ರಲ್ಲಿ 3 ಮತ್ತು 6. ಸೊನ್ನೆಗಿಂತ ಹೆಚ್ಚಿದ್ದರೆ ನೀರು ಎಂಬುದು ಆರಂಭಕ್ಕೆ ಒಳ್ಳೆಯ ಮಿತಿ. ಆದರೆ ಪ್ರತಿ ಪ್ರದೇಶದಲ್ಲೂ ಖಚಿತವಾಗಿ ನೀರೆಂದು ಗೊತ್ತಿರುವ ಮತ್ತು ಖಚಿತವಾಗಿ ನೆಲವೆಂದು ಗೊತ್ತಿರುವ ಕೆಲವು ಬಿಂದುಗಳ ಮೌಲ್ಯ ನೋಡಿ ಮಿತಿಯನ್ನು ತಿದ್ದಿಕೊಳ್ಳಿ. ಒಮ್ಮೆ ನಿಗದಿಪಡಿಸಿದ ಮಿತಿಯನ್ನು ಇಡೀ ಸರಣಿಗೂ ಅದೇ ಆಗಿ ಉಳಿಸಿಕೊಳ್ಳಿ.

ಅಭ್ಯಾಸಕ್ಕೆ ಅರಲ್ ಸಮುದ್ರಕ್ಕಿಂತ ಒಳ್ಳೆಯ ಸ್ಥಳ ನನಗೆ ಗೊತ್ತಿಲ್ಲ. 1960ರ ಸುಮಾರಿಗೆ ಜಗತ್ತಿನ ನಾಲ್ಕನೆಯ ಅತಿ ದೊಡ್ಡ ಸರೋವರವಾಗಿದ್ದ ಅದು, ಅಮು ದರಿಯಾ ಮತ್ತು ಸಿರ್ ದರಿಯಾ ನದಿಗಳ ನೀರನ್ನು ಹತ್ತಿಯ ಬೆಳೆಗೆ ತಿರುಗಿಸಿದ ಪರಿಣಾಮವಾಗಿ ಕುಗ್ಗುತ್ತ ಹೋಯಿತು. ದಕ್ಷಿಣ ಭಾಗದ ಪೂರ್ವದ ಹರವು 2014ರ ಬೇಸಿಗೆಯಲ್ಲಿ ಪೂರ್ತಿ ಒಣಗಿದ್ದನ್ನು ಟೆರಾ ಉಪಗ್ರಹ ದಾಖಲಿಸಿದೆ. 2005ರಲ್ಲಿ ಪೂರ್ಣಗೊಂಡ ಕೊಕ್-ಅರಲ್ ಅಣೆಕಟ್ಟಿನಿಂದ ಉತ್ತರದ ಭಾಗದಲ್ಲಿ ನೀರು ಏರಿತು. ಕುಗ್ಗುವಿಕೆ, ಚೇತರಿಕೆ, ಉಪ್ಪುಗಟ್ಟಿದ ಬೆಳ್ಳನೆಯ ತಳ, ಆಳವಿಲ್ಲದ ಕೆಸರುನೀರು ಎಲ್ಲವೂ ಒಂದೇ ಚೌಕಟ್ಟಿನಲ್ಲಿ ಸಿಗುವುದರಿಂದ ಸೂಚ್ಯಂಕ ಎಲ್ಲಿ ಸರಿಯಾಗಿ ನಡೆಯುತ್ತದೆ, ಎಲ್ಲಿ ಎಡವುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ.

ನೀರಿನ ಮೇಲೆ ಕಳೆ ಹಬ್ಬಿದ್ದರೆ ಸೂಚ್ಯಂಕ ಅದನ್ನು ಗಿಡವೆಂದೇ ಓದುತ್ತದೆ. ಕೆರೆ ತುಂಬಿದ್ದರೂ ಲೆಕ್ಕದಲ್ಲಿ ಕುಗ್ಗುತ್ತದೆ. ರಾಡಾರ್‌ನಲ್ಲಿ ನಿಶ್ಚಲವಾದ ನೀರು ಅಲೆಯನ್ನು ಕನ್ನಡಿಯಂತೆ ಆಚೆಗೆ ಚಿಮ್ಮಿಸುವುದರಿಂದ ಕಪ್ಪಾಗಿ ಕಾಣುತ್ತದೆ, ಆದರೆ ಗಾಳಿಯಿಂದ ಮೇಲ್ಮೈ ಕದಡಿದ ದಿನ ಅದೇ ನೀರು ಹೊಳೆಯುತ್ತದೆ, ಮತ್ತು ಒಣ ಮರಳು, ನುಣುಪಾದ ರಸ್ತೆಗಳು ನೀರಿನಂತೆ ಕಪ್ಪಾಗಿ ಕಾಣಬಹುದು. ಎರಡೂ ಬಗೆಯ ಚಿತ್ರಗಳನ್ನು ಒಟ್ಟಿಗೆ ನೋಡುವುದು ಇದಕ್ಕೆ ಪರಿಹಾರ.

ವಿಸ್ತೀರ್ಣ ಲೆಕ್ಕ ಹಾಕುವಾಗ ನಕ್ಷೆಯ ಪ್ರಕ್ಷೇಪವನ್ನು, ಅಂದರೆ ಗುಂಡಗಿನ ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸುವ ಬಗೆಯನ್ನು, ಗಮನಿಸಿ. ಅಂತರ್ಜಾಲದ ನಕ್ಷೆಗಳು ಸಾಮಾನ್ಯವಾಗಿ ಬಳಸುವ ವೆಬ್ ಮರ್ಕೇಟರ್ ಪ್ರಕ್ಷೇಪದಲ್ಲಿ 60 ಡಿಗ್ರಿ ಅಕ್ಷಾಂಶದ ಸರೋವರ ನಿಜಕ್ಕಿಂತ ನಾಲ್ಕು ಪಟ್ಟು ದೊಡ್ಡದಾಗಿ ಅಳತೆಯಾಗುತ್ತದೆ. 15 ಡಿಗ್ರಿಯಲ್ಲೂ ಶೇಕಡಾ 7ರಷ್ಟು ಹೆಚ್ಚಳ ಇದ್ದೇ ಇರುತ್ತದೆ. ಸಮವಿಸ್ತೀರ್ಣ ಪ್ರಕ್ಷೇಪಕ್ಕೆ, ಇಲ್ಲವೇ ಭೂಮಿಯನ್ನು ಉದ್ದುದ್ದ ಪಟ್ಟಿಗಳಾಗಿ ಹಂಚುವ ಯುಟಿಎಂ ಪ್ರಕ್ಷೇಪದಲ್ಲಿ ಆ ಪ್ರದೇಶದ ವಲಯಕ್ಕೆ ಬದಲಿಸಿಯೇ ಅಳೆಯಬೇಕು.

ಕೊನೆಯದಾಗಿ, ಮಳೆಗಾಲ ಮುಗಿದ ತಿಂಗಳನ್ನು ಬೇಸಿಗೆಯ ತಿಂಗಳೊಂದಿಗೆ ಹೋಲಿಸಿದರೆ ಯಾವ ಕೆರೆಯಾದರೂ ಕುಗ್ಗಿದಂತೆ ಕಾಣುತ್ತದೆ. ಪ್ರತಿ ವರ್ಷ ಅದೇ ಕೆಲವು ವಾರಗಳ ಕಿಟಕಿಯನ್ನು ತೆರೆದು ನೋಡಿ, ಜೊತೆಗೆ ಆ ವರ್ಷದ ಮಳೆಯ ಅಂಕಿಯನ್ನು ಪಕ್ಕದಲ್ಲಿಡಿ.

ಹಸಿರು, ಬೆಂಕಿ, ಉಷ್ಣ

ಆರೋಗ್ಯವಂತ ಎಲೆ ದ್ಯುತಿಸಂಶ್ಲೇಷಣೆಗಾಗಿ ಕೆಂಪು ಬೆಳಕನ್ನು ಹೀರಿ, ಸಮೀಪ ಅವಗೆಂಪನ್ನು ಬಲವಾಗಿ ಮರಳಿಸುತ್ತದೆ. ಈ ಎರಡರ ವ್ಯತ್ಯಾಸವನ್ನು ಎರಡರ ಮೊತ್ತದಿಂದ ಭಾಗಿಸಿದರೆ ಮೇಲೆ ಬಳಸಿದ ಹಸಿರಿನ ಸೂಚ್ಯಂಕ, ಅಂದರೆ ಎನ್‌ಡಿವಿಐ, ಬರುತ್ತದೆ. ಇದು ಹಸಿರು ಎಷ್ಟಿದೆ ಎಂದು ಹೇಳುತ್ತದೆ, ಯಾವ ಹಸಿರು ಎಂದು ಹೇಳುವುದಿಲ್ಲ. ಹುಲ್ಲುಗಾವಲನ್ನು ಆಕ್ರಮಿಸಿದ ಪರಕೀಯ ಪೊದೆ ಸೂಚ್ಯಂಕವನ್ನು ಏರಿಸುತ್ತದೆ. ಪರಿಸರದ ದೃಷ್ಟಿಯಿಂದ ಅದು ನಷ್ಟವೇ. ದಟ್ಟವಾದ ಕಾಡಿನಲ್ಲಿ ಸೂಚ್ಯಂಕ ಒಂದು ಮಟ್ಟ ತಲುಪಿದ ಮೇಲೆ ಏರುವುದೇ ಇಲ್ಲವಾದ್ದರಿಂದ ಕೆಲವು ಮರ ಕಡಿದದ್ದು ಅದರಲ್ಲಿ ಕಾಣದೆ ಹೋಗಬಹುದು. ಬರಗಾಲವನ್ನು ಗುರುತಿಸಲು ಈ ತಿಂಗಳ ಮೌಲ್ಯವನ್ನು ಕಳೆದ ತಿಂಗಳಿನೊಂದಿಗಲ್ಲದೆ, ಹಲವು ವರ್ಷಗಳ ಇದೇ ತಿಂಗಳ ಸರಾಸರಿಯೊಂದಿಗೆ ಹೋಲಿಸಬೇಕು.

ಕಾಡಿನ ಬೆಂಕಿಗೆ ನಾಸಾದ ಫರ್ಮ್ಸ್ ಸೇವೆ ಅನುಕೂಲಕರ. ಸುವೋಮಿ ಎನ್‌ಪಿಪಿ ಮತ್ತು ಅದರ ಸೋದರ ಉಪಗ್ರಹಗಳ ವೀರ್ಸ್ ಸಂವೇದಕ 375 ಮೀಟರ್ ಪಿಕ್ಸೆಲ್‌ನಲ್ಲಿ ಬೆಂಕಿಯ ಬಿಂದುಗಳನ್ನು ಕೊಡುತ್ತದೆ. ಬಿಂದುಗಳ ಎಣಿಕೆಯನ್ನು ಸುಟ್ಟ ವಿಸ್ತೀರ್ಣವೆಂದು ತಿಳಿಯಬಾರದು. ಈ ಉಪಗ್ರಹಗಳು ಸ್ಥಳೀಯ ಕಾಲಮಾನ ಮಧ್ಯಾಹ್ನ ಒಂದೂವರೆ ಮತ್ತು ನಡುರಾತ್ರಿ ಒಂದೂವರೆಯ ಆಸುಪಾಸಿನಲ್ಲಿ ಹಾದುಹೋಗುವುದರಿಂದ, ಸಂಜೆ ಹೊತ್ತಿ ರಾತ್ರಿಯೊಳಗೆ ಆರಿದ ಬೆಂಕಿ ಲೆಕ್ಕಕ್ಕೇ ಬರುವುದಿಲ್ಲ. ಸುಟ್ಟ ವಿಸ್ತೀರ್ಣ ಬೇಕಿದ್ದರೆ ಬೆಂಕಿಗೆ ಮುಂಚಿನ ಮತ್ತು ನಂತರದ ಸೆಂಟಿನೆಲ್-2 ಅಥವಾ ಲ್ಯಾಂಡ್‌ಸ್ಯಾಟ್ ಚಿತ್ರಗಳನ್ನು ಹೋಲಿಸಬೇಕು.

ಉಷ್ಣತೆಯ ನಕ್ಷೆಗಳಲ್ಲಿ ಒಂದು ಗೊಂದಲ ಪದೇ ಪದೇ ಕಾಣುತ್ತದೆ. ಉಪಗ್ರಹ ಅಳೆಯುವುದು ನೆಲದ ಮೇಲ್ಮೈಯ ಉಷ್ಣತೆ. ಹವಾಮಾನ ಕೇಂದ್ರ ಅಳೆಯುವುದು ನೆಲದಿಂದ ಸುಮಾರು ಒಂದೂವರೆ-ಎರಡು ಮೀಟರ್ ಮೇಲೆ ನೆರಳಿನಲ್ಲಿರುವ ಗಾಳಿಯ ಉಷ್ಣತೆ. ಬೇಸಿಗೆಯ ಮಧ್ಯಾಹ್ನ ಬರಿನೆಲ, ಡಾಂಬರು, ತಗಡಿನ ಚಾವಣಿಗಳು ಗಾಳಿಗಿಂತ ಬಹಳ ಹೆಚ್ಚು ಬಿಸಿಯಾಗಿರುತ್ತವೆ. ಎರಡನ್ನೂ ಒಂದೇ ಎಂಬಂತೆ ಬರೆದರೆ ಜನರಲ್ಲಿ ಅನಗತ್ಯ ಭಯ ಹುಟ್ಟುತ್ತದೆ, ನಿಜವಾದ ಎಚ್ಚರಿಕೆಗೆ ಬೆಲೆ ಕಡಿಮೆಯಾಗುತ್ತದೆ.

ಚಿತ್ರದಲ್ಲಿ ಕಾಣದ ಬದಲಾವಣೆಗಳು

ಅಂತರ್ಜಲ ಯಾವ ಚಿತ್ರದಲ್ಲೂ ಕಾಣುವುದಿಲ್ಲ, ಆದರೆ ಅದರ ತೂಕ ಗುರುತ್ವದಲ್ಲಿ ಕಾಣುತ್ತದೆ. 2002ರಿಂದ 2017ರವರೆಗೆ ಕೆಲಸ ಮಾಡಿದ ಗ್ರೇಸ್ ಉಪಗ್ರಹಗಳ ಜೋಡಿ ಮತ್ತು 2018ರಲ್ಲಿ ಹಾರಿದ ಅದರ ಉತ್ತರಾಧಿಕಾರಿ ಜೋಡಿ ಒಂದರ ಹಿಂದೊಂದು ಸುಮಾರು 220 ಕಿ.ಮೀ. ಅಂತರದಲ್ಲಿ ಸಾಗುತ್ತವೆ. ಕೆಳಗಿನ ರಾಶಿ ಹೆಚ್ಚಿರುವಲ್ಲಿ ಮುಂದಿನದು ಮೊದಲು ಸೆಳೆಯಲ್ಪಡುತ್ತದೆ. ಆ ಅಂತರದ ಮೈಕ್ರಾನ್ ಮಟ್ಟದ ಏರಿಳಿತದಿಂದ ನೀರಿನ ಒಟ್ಟು ರಾಶಿಯ ಬದಲಾವಣೆಯನ್ನು ಲೆಕ್ಕ ಹಾಕುತ್ತಾರೆ. ಇದು ಸುಮಾರು 300 ಕಿ.ಮೀ. ಅಗಲದ ಪ್ರದೇಶಗಳ ಅಳತೆ. ಇದನ್ನು ಒಂದು ಹಳ್ಳಿಯ ಕೊಳವೆಬಾವಿಗೆ ಅನ್ವಯಿಸುವಂತಿಲ್ಲ. ಅಂತರ್ಜಲದ ಪಾಲು ತಿಳಿಯಬೇಕಾದರೆ ಮಣ್ಣಿನ ತೇವ, ಹಿಮ, ಮೇಲ್ಮೈ ನೀರುಗಳನ್ನು ಬೇರೆ ಮೂಲಗಳಿಂದ ತಂದು ಕಳೆಯಬೇಕು.

ಸಮುದ್ರಮಟ್ಟವನ್ನು ರಾಡಾರ್ ಎತ್ತರಮಾಪಕಗಳು ಅಳೆಯುತ್ತವೆ. ಅನಿಲಗಳ ವಿಷಯದಲ್ಲಿ, 2014ರ ಒಸಿಒ-2 ಇಂಗಾಲದ ಡೈಆಕ್ಸೈಡನ್ನೂ 2017ರ ಸೆಂಟಿನೆಲ್-5ಪಿ ಮೀಥೇನ್, ನೈಟ್ರೋಜನ್ ಡೈಆಕ್ಸೈಡ್ ಮುಂತಾದವನ್ನೂ ಅಳೆಯುತ್ತವೆ. ಅವು ಕೊಡುವುದು ನೆಲದಿಂದ ವಾತಾವರಣದ ತುದಿಯವರೆಗಿನ ಇಡೀ ಸ್ತಂಭದ ಮೊತ್ತ. ನಾವು ಉಸಿರಾಡುವ ಎತ್ತರದ ಸಾಂದ್ರತೆ ಬೇಕಿದ್ದರೆ ನೆಲದ ಮಾಪನ ಕೇಂದ್ರ ಇರಲೇಬೇಕು.

ವಾಯುಗುಣದ ಬಗ್ಗೆ ಹೇಳುವಾಗ

ಒಂದು ವರ್ಷದ ಬರ ಹವಾಮಾನದ ಸುದ್ದಿ. ವಾಯುಗುಣದ ಬಗ್ಗೆ ಹೇಳಲು ವಿಶ್ವ ಹವಾಮಾನ ಸಂಸ್ಥೆ 30 ವರ್ಷಗಳ ಸರಾಸರಿಯನ್ನು ಅಡಿಪಾಯವಾಗಿ ಬಳಸುತ್ತದೆ. ಯಾವ ಉಪಗ್ರಹವೂ ಸಾಮಾನ್ಯವಾಗಿ ಅಷ್ಟು ಕಾಲ ಬಾಳುವುದಿಲ್ಲ. ಹಲವು ಉಪಗ್ರಹಗಳ ದಾಖಲೆಗಳನ್ನು ಒಂದಕ್ಕೊಂದು ಹೊಲಿಯಬೇಕು, ಮತ್ತು ಆ ಹೊಲಿಗೆಯಲ್ಲೇ ಸುಳ್ಳು ಬದಲಾವಣೆಗಳು ನುಸುಳುತ್ತವೆ. ಸಮುದ್ರಮಟ್ಟದ ದಾಖಲೆ ಇದನ್ನು ಮಾದರಿಯಾಗಿ ನಿಭಾಯಿಸಿದೆ. 1992ರಲ್ಲಿ ಹಾರಿದ ಟೋಪೆಕ್ಸ್/ಪೊಸೈಡನ್‌ನಿಂದ ಆರಂಭವಾದ ಸರಣಿಯಲ್ಲಿ ಪ್ರತಿ ಹೊಸ ಉಪಗ್ರಹವನ್ನು ಹಳೆಯದರ ಬೆನ್ನಿಗೇ ಹಾರಿಸುತ್ತಾರೆ. 2020ರ ನವೆಂಬರ್‌ನಲ್ಲಿ ಹಾರಿದ ಸೆಂಟಿನೆಲ್-6 ಮೈಕೆಲ್ ಫ್ರೈಲಿಕ್, ತನಗಿಂತ ಹಳೆಯ ಉಪಗ್ರಹ ಜೇಸನ್-3ರ ಹಿಂದೆ 30 ಸೆಕೆಂಡ್ ಅಂತರದಲ್ಲಿ ಸಾಗುತ್ತ ಅದೇ ನೀರನ್ನು ಅಳೆದು ಎರಡರ ವ್ಯತ್ಯಾಸವನ್ನು ತಿಳಿಯಲು ನೆರವಾಯಿತು. 1993ರಿಂದ ಸಮುದ್ರಮಟ್ಟ ಸುಮಾರು 10 ಸೆಂ.ಮೀ. ಏರಿದೆ ಎಂದು ಧೈರ್ಯದಿಂದ ಹೇಳಲು ಸಾಧ್ಯವಾಗಿರುವುದು ಈ ಎಚ್ಚರದಿಂದ. ಇದಕ್ಕೆ ವಿರುದ್ಧವಾದ ಅನುಭವವೂ ಇದೆ: ವಾತಾವರಣದ ಉಷ್ಣತೆ ಅಳೆಯುವ ಉಪಗ್ರಹಗಳು ವರ್ಷ ಕಳೆದಂತೆ ಸ್ವಲ್ಪಸ್ವಲ್ಪವೇ ಕೆಳಗಿಳಿಯುತ್ತಿದ್ದುದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಇದ್ದುದರಿಂದ ದಾಖಲೆಯಲ್ಲಿ ಇಲ್ಲದ ತಂಪು ಸೇರಿಕೊಂಡಿದೆ ಎಂಬುದು 1998ರಲ್ಲಿ ಪ್ರಕಟವಾಯಿತು, ನಂತರ ದಾಖಲೆಯನ್ನು ತಿದ್ದಲಾಯಿತು.

ನೀವು ಲ್ಯಾಂಡ್‌ಸ್ಯಾಟ್ 5ರಿಂದ 9ರವರೆಗಿನ ಸರಣಿ ಕಟ್ಟುವಾಗಲೂ ಇದೇ ಎಚ್ಚರ ಬೇಕು. ಲ್ಯಾಂಡ್‌ಸ್ಯಾಟ್ 8ರ ಸಮೀಪ ಅವಗೆಂಪು ಬ್ಯಾಂಡ್ 7ರದಕ್ಕಿಂತ ಕಿರಿದು, ಆದ್ದರಿಂದ ಅದೇ ಗಿಡಕ್ಕೆ ಎರಡರ ಸೂಚ್ಯಂಕ ತುಸು ಬೇರೆಯಾಗುತ್ತದೆ. 2003ರ ಮೇ 31ರಂದು ಲ್ಯಾಂಡ್‌ಸ್ಯಾಟ್ 7ರ ಒಂದು ಭಾಗ ಕೆಟ್ಟ ಮೇಲೆ ಅದರ ಪ್ರತಿ ಚಿತ್ರದಲ್ಲೂ ಸುಮಾರು ಶೇಕಡಾ 22 ಭಾಗ ಪಟ್ಟೆಪಟ್ಟೆಯಾಗಿ ಖಾಲಿ ಉಳಿಯಿತು. ಎರಡು ಉಪಗ್ರಹಗಳೂ ಕೆಲಸ ಮಾಡುತ್ತಿದ್ದ ವರ್ಷಗಳ ಚಿತ್ರಗಳನ್ನು ಹೋಲಿಸಿ, ವ್ಯತ್ಯಾಸವನ್ನು ತಿದ್ದಿದ ನಂತರವೇ ಮುಂದುವರಿಯಿರಿ.

ಆರಂಭದ ವರ್ಷ, ಕೊನೆಯ ವರ್ಷಗಳ ಆಯ್ಕೆಯಿಂದ ಯಾವ ಕಥೆಯನ್ನಾದರೂ ಕಟ್ಟಬಹುದು. ಆರ್ಕ್‌ಟಿಕ್ ಸಮುದ್ರದ ಹಿಮ 2012ರ ಸೆಪ್ಟೆಂಬರ್‌ನಲ್ಲಿ ಸುಮಾರು 34 ಲಕ್ಷ ಚದರ ಕಿ.ಮೀ.ಗೆ ಇಳಿದು ದಾಖಲೆ ಬರೆಯಿತು. ಅಲ್ಲಿಂದ ಆರಂಭಿಸಿ ನೋಡಿದವರಿಗೆ ಇಳಿಕೆಯೇ ನಿಂತಂತೆ ಕಾಣುತ್ತದೆ. 1979ರಿಂದ ನೋಡಿದವರಿಗೆ ಇಳಿಕೆಯಲ್ಲಿ ಸಂಶಯವೇ ಉಳಿಯುವುದಿಲ್ಲ. ದಾಖಲೆಯಲ್ಲಿರುವ ಎಲ್ಲ ವರ್ಷಗಳನ್ನೂ ಬಳಸಿ, ಮತ್ತು ಮೊದಲ ಕೆಲವು ಅಥವಾ ಕೊನೆಯ ಕೆಲವು ವರ್ಷಗಳನ್ನು ಬಿಟ್ಟರೂ ನಿಮ್ಮ ತೀರ್ಮಾನ ನಿಲ್ಲುತ್ತದೆಯೇ ಎಂದು ನೋಡಿ.

ಪರೀಕ್ಷೆ ಮತ್ತು ದಾಖಲೆ

ನಕ್ಷೆಯ ಪಿಕ್ಸೆಲ್ ಎಣಿಸಿ ಬಂದ ವಿಸ್ತೀರ್ಣವನ್ನು ಹಾಗೆಯೇ ಪ್ರಕಟಿಸಬಾರದು. ಕಾರಣ ಈ ಲೆಕ್ಕದಲ್ಲಿದೆ. ಒಟ್ಟು 10,000 ಹೆಕ್ಟೇರ್ ಕಾಡಿನಲ್ಲಿ 100 ಹೆಕ್ಟೇರ್ ನಾಶವಾಗಿದೆ ಎಂದು ನಿಮ್ಮ ನಕ್ಷೆ ಹೇಳುತ್ತದೆ ಎಂದಿಟ್ಟುಕೊಳ್ಳಿ. ನಾಶವಾದ ಭಾಗದಿಂದ 100 ಬಿಂದುಗಳನ್ನೂ ಉಳಿದ 9,900 ಹೆಕ್ಟೇರ್‌ನಿಂದ 300 ಬಿಂದುಗಳನ್ನೂ ಯಾದೃಚ್ಛಿಕವಾಗಿ ಆರಿಸಿ, ಸ್ಥಳಕ್ಕೆ ಹೋಗಿ ಅಥವಾ ಹೆಚ್ಚು ಸೂಕ್ಷ್ಮವಾದ ಚಿತ್ರ ನೋಡಿ ಪರೀಕ್ಷಿಸುತ್ತೀರಿ. ಮೊದಲ 100ರಲ್ಲಿ 80 ನಿಜಕ್ಕೂ ನಾಶವಾಗಿದ್ದವು. ಉಳಿದ 300ರಲ್ಲಿ 3 ಬಿಂದುಗಳಲ್ಲಿ ಮಾತ್ರ ನಕ್ಷೆ ನಾಶವನ್ನು ಕಾಣದೆ ಬಿಟ್ಟಿತ್ತು. ಕೇವಲ ಶೇಕಡಾ 1 ತಪ್ಪು, ಆದರೆ 9,900ರಲ್ಲಿ ಅದು 99 ಹೆಕ್ಟೇರ್. ಹಾಗಾಗಿ ನಿಜವಾದ ನಾಶದ ಅಂದಾಜು 80ಕ್ಕೆ 99 ಸೇರಿ 179 ಹೆಕ್ಟೇರ್, ಮತ್ತು 3 ಬಿಂದುಗಳ ಮೇಲೆ ನಿಂತ ಈ ಅಂದಾಜು ಸುಮಾರು 110 ಹೆಕ್ಟೇರ್ ಅತ್ತಿತ್ತ ಸರಿಯಬಹುದು. ನಕ್ಷೆ ಶೇಕಡಾ 98ಕ್ಕಿಂತ ಹೆಚ್ಚು ನಿಖರವೆಂದು ಹೇಳಿಕೊಳ್ಳಬಹುದಾಗಿದ್ದರೂ ಬದಲಾವಣೆಯ ಅಂಕಿಯಲ್ಲಿ ಇಷ್ಟು ಅನಿಶ್ಚಿತತೆ ಅಡಗಿರುತ್ತದೆ. ಅಂದಾಜನ್ನು ಬಿಗಿಗೊಳಿಸಲು ಉಳಿದ ಭಾಗದಲ್ಲಿ, ಅದರಲ್ಲೂ ನಾಶವಾದ ಜಾಗಗಳ ಅಂಚಿನಲ್ಲಿ, ಬಿಂದುಗಳನ್ನು ಪ್ರತ್ಯೇಕ ಸ್ತರವಾಗಿ ಹೆಚ್ಚಿಸುವುದು ಉಪಾಯ.

ಸ್ಥಳಕ್ಕೆ ಹೋಗುವಾಗ ಚಿತ್ರದ ದಿನಾಂಕದ ಸಮೀಪದಲ್ಲೇ ಹೋಗಿ, ಪಿಕ್ಸೆಲ್‌ನ ಅಂಚಿನಲ್ಲಿ ನಿಲ್ಲದೆ ಅದರ ನಡುವಿನಲ್ಲಿ ನಿಂತು ನಾಲ್ಕೂ ದಿಕ್ಕಿನ ಚಿತ್ರ ತೆಗೆದುಕೊಳ್ಳಿ. ಅಲ್ಲಿ ಬದುಕುವವರನ್ನು ಕೇಳಿ. ಬೆಂಕಿ ಬಿದ್ದ ದಿನ, ಕಾಲುವೆ ತಿರುಗಿಸಿದ ವರ್ಷ, ಬೆಳೆ ಬದಲಾದ ಹಂಗಾಮು ಅವರ ನೆನಪಿನಲ್ಲಿ ಇರುತ್ತದೆ, ಮತ್ತು ಚಿತ್ರ ತೋರಿಸುವ ಬದಲಾವಣೆಗೆ ಕಾರಣ ಬಹಳ ಸಲ ಅವರಿಂದಲೇ ತಿಳಿಯುತ್ತದೆ.

ಫಲಿತಾಂಶ ಹಂಚಿಕೊಳ್ಳುವಾಗ ಅಂಕಿಯ ಜೊತೆಗೆ ಉಪಗ್ರಹದ ಹೆಸರು, ಪ್ರತಿ ಚಿತ್ರದ ದಿನಾಂಕ, ಸಂಸ್ಕರಣಾ ಆವೃತ್ತಿ, ಬಳಸಿದ ಸೂತ್ರ ಮತ್ತು ಮಿತಿ, ಹೊರಗಿಟ್ಟ ಚಿತ್ರಗಳು ಮತ್ತು ಅದರ ಕಾರಣ, ಅಂದಾಜಿನ ವ್ಯಾಪ್ತಿ ಇಷ್ಟನ್ನೂ ಬರೆಯಿರಿ. ಲೆಕ್ಕ ಮಾಡಿದ ಕೋಡ್ ಮತ್ತು ಗಡಿಯ ಕಡತವನ್ನು ಇನ್ನೊಬ್ಬರು ಮತ್ತೆ ನಡೆಸಿ ನೋಡಲು ಸಾಧ್ಯವಾಗುವಂತೆ ಕೊಡಿ. ದತ್ತಾಂಶ ಕೊಡುವ ಸಂಸ್ಥೆ ಹೊಸ ಆವೃತ್ತಿ ಬಿಡುಗಡೆ ಮಾಡಿದಾಗ ಕೊನೆಯ ವರ್ಷವನ್ನು ಮಾತ್ರ ಸೇರಿಸಿ ಸುಮ್ಮನಾಗದೆ, ಸರಣಿಯ ಮೊದಲ ಚಿತ್ರದಿಂದಲೇ ಲೆಕ್ಕವನ್ನು ಮತ್ತೆ ಮಾಡಿ, ಹಳೆಯ ಅಂಕಿ ಬದಲಾಗಿದ್ದರೆ ಎಷ್ಟು ಬದಲಾಯಿತು ಎಂಬುದನ್ನೂ ಜೊತೆಯಲ್ಲೇ ಪ್ರಕಟಿಸಿ.